ಎಷ್ಟು ಪ್ರತಿ?

ಹಗಲು ಕುಂಬಳೆ ಪೇಟೆಯಲ್ಲಿ ನನ್ನದು ಜೆರಾಕ್ಸ್ ಅಂಗಡಿ,
ಜನವರಿಯಿಂದ ಮೇ ತನಕ ರಾತ್ರಿ
ಸೆವೆನ್ಸ್ ಪಂದ್ಯಗಳಿಗೆ ಮೈಕು.
ಮೂರು ಭಾಷೆಯಲ್ಲಿ ಕೂಗುತ್ತೇನೆ. ಗಂಟಲು ಒಂದೇ.

ಘಾನಾದ ಹುಡುಗನ ವೀಸಾ ಮುಗಿದು
ಕಡಪ್ಪುರ ನ್ಯೂ ಸ್ಟಾರಿಗೆ ಗೋಲು ಹೊಡೆಯುವವರಿಲ್ಲ.
ಕ್ವಾರ್ಟರಿಗೆ ನಾಲ್ಕೇ ದಿನ.
ಕ್ಲಬ್ಬಿನ ತಗಡಿನ ಮಾಡಿನಡಿ ಅಂದುಂಞಿ ಹಾಜಿ
ಸುಲೈಮಾನಿ ಲೋಟ ಕೆಳಗಿಟ್ಟು ಹೇಳಿದರು:
“ಲತೇಶನಿಗೆ ಒಂದು ಅವಸರಂ ಕೊಡೋಣ.”

ಮಲಯಾಳದಲ್ಲಿ ಅವಸರಂ ಅಂದರೆ ಅವಕಾಶ.
ನಮ್ಮಲ್ಲಿ ಅವಸರ ಅಂದರೆ ಅವಸರವೇ.
ಆ ರಾತ್ರಿ ಎರಡು ಅರ್ಥವೂ ಸರಿಯಿತ್ತು.

ವಿಲ್ಫ್ರೆಡ್ ಕ್ರಾಸ್ತ ಮಾತ್ರ ಗೋಡೆಯ ಟ್ರೋಫಿ ನೋಡುತ್ತ
“ಕಣ್ಣೂರಿನಿಂದ ಬಂದು ಆರು ತಿಂಗಳಾಗಲಿಲ್ಲ ಅವನು” ಎಂದ.
ಇಲ್ಲಿ ಕಣ್ಣೂರು ಅಂದರೆ ಊರಲ್ಲ, ಜೈಲು.
“ಶಿಕ್ಷೆ ಮುಗಿಸಿದವನು. ಇನ್ನು ಗಾಳಿ ಕುಡಿದು ಬದುಕಬೇಕಾ?”
“ಬದುಕಲಿ. ನಮ್ಮ ಜರ್ಸಿಯಲ್ಲೇ ಯಾಕೆ?”
“ಎಡಗಾಲು, ವಿಲ್ಫ್ರೆಡ್. ಆ ಎಡಗಾಲು.”
ರಾತ್ರಿಗೆ ನಾಲ್ಕು ಸಾವಿರ ಅಂತಾಯಿತು.
ಘಾನಾದವನಿಗಿಂತ ಅಗ್ಗ.

ನಾನು ಬಾಯಿ ಬಿಡಲಿಲ್ಲ.
ಆರು ವರ್ಷದ ಹಿಂದೆ ಆ ಚಾರ್ಜ್‌ಶೀಟು
ನನ್ನ ಮೆಷಿನಿನ ಗಾಜಿನ ಮೇಲೆ ಮಕಾಡೆ ಮಲಗಿತ್ತು.
ಶಿರಿಯ ಹೊಳೆ, ರಾತ್ರಿ ಎರಡೂವರೆ, ಹೊಯಿಗೆಯ ಟಿಪ್ಪರ್,
ಕೈ ಅಡ್ಡ ಹಿಡಿದ ವಿಲ್ಲೇಜ್ ಆಫೀಸಿನ ಪ್ಯೂನ್ ಐತಪ್ಪ.
ಒನ್ನಾಂ ಪ್ರತಿ, ರಂಡಾಂ ಪ್ರತಿ, ಮೂನ್ನಾಂ, ನಾಲಾಂ.
ಆ ಭಾಷೆಯಲ್ಲಿ ಪ್ರತಿ ಅಂದರೆ ಆರೋಪಿ.
ರಂಡಾಂ ಪ್ರತಿ ಲತೇಶ. ಅವನ ಹಾಳೆಯ ಎರಡನೇ ಪ್ರತಿ
ಟೋನರು ಮುಗಿದು ಮಸುಕಾಗಿ ಬಂತು;
ಎಸೆದು ಇನ್ನೊಂದು ತೆಗೆದೆ.
ಮೊದಲನೆಯವ ಶಾರ್ಜಾಕ್ಕೆ ಹಾರಿದ.
ಉಳಿದಿಬ್ಬರು ಸಾಕ್ಷಿಯಿಲ್ಲದೆ ಬಿಡುಗಡೆ.
ಐತಪ್ಪಣ್ಣನ ಮೊಣಕಾಲಲ್ಲಿ ಸ್ಟೀಲು ಉಳಿಯಿತು.

ಬುಧವಾರ. ಮೈದಾನಕ್ಕೆ ಹೊಸ ಹೊಯಿಗೆ ಹಾಸಿದ್ದರು.
ಎಲ್ಲಿಯದೆಂದು ಯಾರೂ ಕೇಳಲಿಲ್ಲ.
ಕೌಂಟರಿನಲ್ಲಿ ಐತಪ್ಪಣ್ಣ.
ಟಿಕೆಟು ಹರಿಯುವ ಹುಡುಗ “ನೀವು ಹೋಗಿ, ದುಡ್ಡು ಬೇಡ” ಎಂದ.
ಅವರು ಐವತ್ತರ ನೋಟು ಕಿಟಕಿಯಲ್ಲೇ ಹಿಡಿದು ನಿಂತರು,
ಹಿಂದಿನ ಸಾಲು ಬೈಯುವ ತನಕ.

ತಂಡದ ಪರಿಚಯ. ಏಳು ಹೆಸರು.
ಆರಕ್ಕೆ ವಿಶೇಷಣ ಸಲೀಸು: ಮಿಂಚು, ಗೋಡೆ, ಗಿಡುಗ.
ಹತ್ತನೇ ನಂಬರಿಗೆ ಬಂದಾಗ ನಾಲಿಗೆ ಒಣಗಿತು.
“ದೀರ್ಘ ವಿರಾಮದ ನಂತರ...” ಎಂದೆ, ಕನ್ನಡದಲ್ಲಿ.
ಉಳಿದೆರಡರಲ್ಲಿ ಹೆಸರಷ್ಟೇ.
ಗ್ಯಾಲರಿಯಿಂದ ಯಾರೋ “ಪರೋಲಾ?” ಎಂದ. ನಗು.

ಐವತ್ತೊಂದನೇ ನಿಮಿಷ, ಕಾರ್ನರಿನ ಹತ್ತಿರ,
ಇಬ್ಬರ ನಡುವೆ ಇಲಿ ನುಸುಳದ ಜಾಗ.
ಎಡಗಾಲು.
ಬಲೆ ಅಲ್ಲಾಡಿದ್ದು ಕಂಡದ್ದು ಆಮೇಲೆ;
ಮೊದಲು ಕೇಳಿದ್ದು ನನ್ನದೇ ಸ್ವರ,
“ಲತೇಶಾ! ನಮ್ಮ ಲತೇಶಾ!” ಮೂರು ಭಾಷೆಯಲ್ಲೂ.
ಆ ‘ನಮ್ಮ’ ಎಲ್ಲಿಂದ ಬಂತೋ.
ಪರೋಲಾ ಅಂದವನೇ ಇಳಿದು ಓಡಿ
ಐನೂರರ ನೋಟು ಅವನ ಎದೆಗೆ ಪಿನ್ನು ಚುಚ್ಚಿದ.
ಲತೇಶ ಕುಣಿಯಲಿಲ್ಲ. ನಡುಗೆರೆಗೆ ನಡೆದು
ಬಗ್ಗಿ ಲೇಸು ಕಟ್ಟಿದ,
ಕಟ್ಟಿಯೇ ಇದ್ದ ಲೇಸನ್ನು.
ಪ್ಲಾಸ್ಟಿಕ್ ಕುರ್ಚಿಗಳ ಸಾಲಿನಲ್ಲಿ
ಮಡಚಲಾಗದ ಒಂದು ಕಾಲು ಮುಂದಕ್ಕೆ ಚಾಚಿತ್ತು.
ಮುಖಕ್ಕೆ ಬೆಳಕು ಬೀಳುತ್ತಿರಲಿಲ್ಲ.

ಗುರುವಾರ ನಾನು ಶಟರು ಎತ್ತುವಾಗ ಅವರು ನಿಂತಿದ್ದರು,
ಅಂಗವಿಕಲ ಸರ್ಟಿಫಿಕೇಟು ಹಿಡಿದು.
ಪೆನ್ಶನ್ನಿಗೆ ವರ್ಷಕ್ಕೊಮ್ಮೆ ಕೊಡಬೇಕಂತೆ,
ಕಾಲು ಮತ್ತೆ ಚಿಗುರಿಲ್ಲವೆಂದು ತೋರಿಸಲು.

“ಎಷ್ಟು ಪ್ರತಿ?”
ದಿನಕ್ಕೆ ನೂರು ಸಲ ಕೇಳುವ ಮಾತು.
ಕೇಳಿ ನಾಲಿಗೆ ಕಚ್ಚಿಕೊಂಡೆ.
ಅವರು ಒಂದೊಂದಾಗಿ ನಾಲ್ಕು ಬೆರಳು ಮಡಚಿದರು,
ಆಮೇಲೆ ಬಿಡಿಸಿ “ಎರಡು ಸಾಕು” ಎಂದರು.

ಮೆಷಿನಿನ ಬೆಳಕು ಅತ್ತ ಹೋಗಿ ಇತ್ತ ಬಂತು.
“ಚೆಂದ ಕೂಗಿದೆ ನಿನ್ನೆ.
ಆ ಎಡಗಾಲು ನನಗೆ ಮೊದಲೇ ಗೊತ್ತು, ಮಾರಾಯ.”
ನಾಲ್ಕು ರೂಪಾಯಿ ಎಣಿಸಿಟ್ಟು
ಇನ್ನೂ ಬಿಸಿಯಿದ್ದ ಕಾಗದ ಊದಿಕೊಳ್ಳುತ್ತ
ಮೆಟ್ಟಿಲಿಳಿದರು, ಮೊದಲು ಒಂದು ಕಾಲು,
ಮತ್ತೆ ಇನ್ನೊಂದನ್ನು ಎತ್ತಿ ಇಟ್ಟು.